ಫವ್ವಾಜ್ ಸಾಹೇಬರ ಉತ್ತರ

ಲಿಫ್ಟ್ ಮಾರುವುದು ಗಸ್ಸಾನನ ಕಸುಬು. ಅದಕ್ಕಾಗಿ ಅಮ್ಮಾನ್ ಪಟ್ಟಣದ ಗುಡ್ಡಗಳ ಮೆಟ್ಟಿಲನ್ನೆಲ್ಲ ಹತ್ತಿಳಿದು ಅವನ ಮಂಡಿ ಸವೆದಿತ್ತು. ಕೊನೆಗೆ ಸೋತು, ಉದ್ಯೋಗಸ್ಥರೆಲ್ಲ ಸೇರುವ ಜಾಲತಾಣದಲ್ಲಿ ಗಿರಾಕಿ ಹುಡುಕಲು ಒಂದು ಪ್ರೋಗ್ರಾಂ ಹಾಕಿಸಿಕೊಂಡ. ಯಾರು ಕಟ್ಟಡ ಎಬ್ಬಿಸುತ್ತಿದ್ದಾರೆಂದು ಮೂಸಿ ನೋಡಿ, ಗಸ್ಸಾನನದೇ ಹೆಸರು, ಫೋಟೋ ಹಾಕಿ ಅವರಿಗೆ ಪತ್ರ ಬರೆದು, ಭೇಟಿಗೆ ದಿನ ಗೊತ್ತುಮಾಡುವುದು ಅದರ ಕೆಲಸ. ಮೂರೇ ದಿನಕ್ಕೆ ಬಲೆಗೆ ದೊಡ್ಡ ಮೀನು ಬಿತ್ತು: ಕಟ್ಟಡ ಕಂಪನಿಯೊಂದರ ಖರೀದಿ ಅಧಿಕಾರಿ ಫವ್ವಾಜ್. ‘ಬುಧವಾರ ಹನ್ನೊಂದಕ್ಕೆ ಬನ್ನಿ’ ಎಂದು ಉತ್ತರಿಸಿದ್ದರು.

ಗಸ್ಸಾನ್ ಇಸ್ತ್ರಿ ಅಂಗಿ ತೊಟ್ಟು ಹೋದ. ಫವ್ವಾಜ್ ಸಾಹೇಬರನ್ನು ಕಾಣಬೇಕೆಂದ ಕೂಡಲೇ ಗುಮಾಸ್ತೆ ಲಮೀಸಳ ಮುಖ ಸುಣ್ಣವಾಯಿತು.

“ಅವರು ತೀರಿಕೊಂಡು ಇವತ್ತಿಗೆ ನಲವತ್ತು ದಿನ,” ಅಂದಳು.

“ಬೆಳಿಗ್ಗೆ ತಾನೆ ಬರೆದಿದ್ದಾರಲ್ಲ ತಂಗಿ,” ಎಂದು ಗಸ್ಸಾನ್ ಫೋನು ತೋರಿಸಿದ.

ಕಚೇರಿಯವರೆಲ್ಲ ಮುತ್ತಿಕೊಂಡರು. ಒಬ್ಬ ಸತ್ತವರ ಆತ್ಮಕ್ಕೆ ಶಾಂತಿ ಕೋರಿ ದುವಾ ಓದತೊಡಗಿದ. ಇನ್ನೊಬ್ಬ, ಕಪಾಟಿನ ಬೀಗದ ಕೈ ಎಲ್ಲಿಟ್ಟಿದ್ದಾರೆಂದು ಹಾಗೇ ಒಂದು ಮಾತು ಕೇಳಿಬಿಡಿ ಎಂದು ಗಸ್ಸಾನನ ಕಿವಿಯಲ್ಲಿ ಉಸುರಿದ. ಗಸ್ಸಾನ್ ಫವ್ವಾಜರಿಗೆ ‘ಬಂದಿದ್ದೇನೆ’ ಎಂದಷ್ಟೇ ಬರೆದ.

ಫೋನು ಟಿಂಗೆಂದಿತು. ‘ಸಂತೋಷ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರಿ. ನಾನು ಇಲ್ಲೇ ಇದ್ದೇನೆ.’

ಆ ಕುರ್ಚಿಯ ಬೆನ್ನಿಗೆ ಸತ್ತವರ ಕೋಟು ಇನ್ನೂ ತೂಗುತ್ತಿತ್ತು. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಕೋಟಿನ ಒಂದು ತೋಳು ಮಾತ್ರ ಮೆಲ್ಲಗೆ ಅಲುಗಿತು.

ಅಷ್ಟರಲ್ಲಿ ಮ್ಯಾನೇಜರ್ ಅಬು ರಕಾನ್ ಬಂದು, ಫವ್ವಾಜರ ಕಂಪ್ಯೂಟರ್ ತೆರೆಸಿ ನೋಡಿ ನಕ್ಕುಬಿಟ್ಟರು. ಆ ಸೋಮಾರಿಯೂ ಪತ್ರಗಳಿಗೆ ಉತ್ತರ ಬರೆಯಲು ಒಂದು ಪ್ರೋಗ್ರಾಂ ಇಟ್ಟಿದ್ದನಂತೆ. ನಿಲ್ಲಿಸುವವರಿಲ್ಲದೆ ಅದು ನಲವತ್ತು ದಿನದಿಂದ ವ್ಯವಹಾರ ನಡೆಸಿಕೊಂಡು ಬಂದಿತ್ತು.

“ನೋಡಪ್ಪ, ನಿನ್ನ ಪ್ರೋಗ್ರಾಮೂ ಅವನದೂ ಸೇರಿ ಆರು ಲಿಫ್ಟಿಗೆ ಮಾತು ಮುಗಿಸಿಬಿಟ್ಟಿವೆ. ನಮಗೇನೂ ತಕರಾರಿಲ್ಲ.”

ಗಸ್ಸಾನನಿಗೆ ಹೋದ ಜೀವ ಬಂತು. ಅಲ್ಲಿಂದಲೇ ತನ್ನ ಲಿಫ್ಟ್ ಕಂಪನಿಯ ಯಜಮಾನರಿಗೆ ಫೋನು ಹಚ್ಚಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೆಮ್ಮೆಯಿಂದ ಒಪ್ಪಿಸಿದ. ಯಜಮಾನರು ಒಂದೇ ಪ್ರಶ್ನೆ ಕೇಳಿದರು.

“ಹಾಗಾದ್ರೆ ಇದ್ರಲ್ಲಿ ನೀನು ಮಾಡಿದ್ದೇನು, ಗಸ್ಸಾನ್?”

ನಿನ್ನ ಹೆಸರಿನ ಪ್ರೋಗ್ರಾಂ ಕಚೇರಿಯಲ್ಲೇ ಕೆಲಸ ಮಾಡುತ್ತಿರಲಿ, ನೀನು ನಾಳೆಯಿಂದ ಬರುವುದು ಬೇಡ ಎಂದು ಹೇಳಿ ಅವರು ಫೋನಿಟ್ಟರು.

ಮೆಟ್ಟಿಲಿಳಿಯುತ್ತಿದ್ದಾಗ ಇನ್ನೊಂದು ಪತ್ರ ಬಂತು. ‘ಮಾನ್ಯ ಗಸ್ಸಾನ್ ಅವರೇ, ತಾವು ಕೆಲಸ ಬಿಟ್ಟ ಸುದ್ದಿ ತಿಳಿಯಿತು. ಒಮ್ಮೆ ಭೇಟಿಯಾಗೋಣವೇ?’

ಕಳಿಸಿದವರ ಹೆಸರು ನೋಡಿದ. ಗಸ್ಸಾನ್. ಪಕ್ಕದಲ್ಲಿ ಅವನದೇ ಫೋಟೋ ಅವನನ್ನೇ ನೋಡಿ ನಗುತ್ತಿತ್ತು.