ಜೋಳದ ತಕರಾರಿಲ್ಲ ಪತ್ರ

ಎಕಂಬಾದ ಕೌಸಲ್ಯಾಬಾಯಿಯ ಎರಡೆಕರೆ ಹೊಲದಲ್ಲಿ ಗೋಧಿ ಸರಿಯಾಗಿ ಮೊಳೆಯಲಿಲ್ಲ ಎಂಬುದು ನಿರ್ವಿವಾದ ಸಂಗತಿ. ಆಳು ಸಿಗಲಿಲ್ಲವೆಂದು, ಜೋಳ ಕೊಯ್ದು ಉಳಿದ ಬುಡದ ಕೂಳಿಯನ್ನು ಕೀಳದೆ ಅದರ ನಡುವೆಯೇ ಆಕೆ ಗೋಧಿ ಬಿತ್ತಿದ್ದಳು. ಅರ್ಧ ಬೀಜ ಮಣ್ಣು ಮುಟ್ಟದೆ ಒಣಗಿತು. ಎದ್ದ ಅರ್ಧ ಜ್ವರ ಬಂದವರ ಹಾಗೆ ಹಳದಿಯಾಗಿ ನಿಂತಿತು. ಜೋಳದ ಕೂಳಿ ಮಾತ್ರ ಹಸಿರಾಗಿ ಮತ್ತೆ ಚಿಗುರಿತು.

ಇನ್ನೊಂದು ಚೀಲ ಬೀಜ ಸಿಕ್ಕರೆ ಚಳಿ ಇರುವಾಗಲೇ ಮತ್ತೆ ಬಿತ್ತಬಹುದೆಂದು ಆಕೆ ಬಸ್ಸು ಹತ್ತಿ ಔರಾದಿನ ಮೊಳಕೆ ಸಂರಕ್ಷಣಾ ಕಚೇರಿಗೆ ಹೋದಳು. ಅಧಿಕಾರಿ ದಿಲೀಪ ಸ್ವತಃ ಬಂದು ಪಂಚನಾಮೆ ಮಾಡಿದರು. ಮೂರನೇ ದಿನ ಬದುವಿನ ಬೇವಿನ ಗಿಡಕ್ಕೆ ನೋಟಿಸು ಬಿತ್ತು:

“ಸದರಿ ಹೊಲವು ಈಗಲೂ ಜೋಳದ ಕಬ್ಜಾದಲ್ಲಿದ್ದು, ಗೋಧಿಯು ಅತಿಕ್ರಮಣ ಮಾಡಿರುವುದು ಕಂಡುಬಂದಿದೆ. ಏಳು ದಿನದೊಳಗೆ ಖುದ್ದಾಗಿ ತೆರವುಗೊಳ್ಳತಕ್ಕದ್ದು.”

ಗೋಧಿ ಐದೇ ದಿನಕ್ಕೆ ಪೂರಾ ಒಣಗಿತು. ಇಷ್ಟು ವಿಧೇಯ ಬೆಳೆಯನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ದಿಲೀಪ ಕಡತದಲ್ಲಿ ಮೆಚ್ಚುಗೆ ಬರೆದರು.

“ಈಗರ ಬೀಜ ಕೊಡ್ರಿ ಸಾಹೇಬರ,” ಎಂದಳು ಕೌಸಲ್ಯಾಬಾಯಿ.

“ಹ್ಯಾಂಗ ಕೊಡ್ಲಿರಿ ಬಾಯಿಯವರ? ಹೊಸ ಬೆಳಿಗಿ ನಮ್ಮ ತಕರಾರಿಲ್ಲ ಅಂತ ಜೋಳ ಬರಕೊಡಬೇಕು.”

“ಜೋಳಕ್ಕ ಓದಾಕ ಬರಿಯಾಕ ಬರಂಗಿಲ್ಲರಿ.”

“ಹಂಗಾದ್ರ ಹೆಬ್ಬೆಟ್ಟು ನಡೀತದ.”

ಆಕೆಗೆ ನಗು ಬಂತು. ಸಾಹೇಬರು ನಗುತ್ತಿರಲಿಲ್ಲ. ಮರುದಿನ ಒಂದು ಕೂಳಿಯನ್ನು ಬೇರುಸಹಿತ ಕಿತ್ತು ತಂದಳು. ದಿಲೀಪ ಅದರ ಬೇರಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದರು. ಗುರುತು ಚೆನ್ನಾಗಿಯೇ ಮೂಡಿತು.

“ಉಳಿದವ್ರು ಎಲ್ಲಿರಿ?”

“ಯಾರರಿ?”

“ಒಬ್ಬರು ಒಪ್ಪಿದ್ರ ಎಲ್ಲಾರೂ ಒಪ್ಪಿದಂಗ ಆಗಂಗಿಲ್ಲ. ಎಲ್ಲಾ ಹಕ್ಕುದಾರರೂ ಖುದ್ದ ಹಾಜರ ಆಗಬೇಕು.”

ಕೌಸಲ್ಯಾಬಾಯಿ ಸಿಟ್ಟಿಗೆದ್ದಳು. ಗಂಡ ಪಂಢರಿಯನ್ನು ಜೊತೆಗೆ ಕರೆದುಕೊಂಡು ಆರು ದಿನ ನಡು ಬಗ್ಗಿಸಿ ಎರಡೆಕರೆಯ ಕೂಳಿಯನ್ನೆಲ್ಲ ಕಿತ್ತು, ಟ್ರ್ಯಾಕ್ಟರಿನಲ್ಲಿ ತಂದು ಕಚೇರಿಯ ಅಂಗಳಕ್ಕೆ ಸುರಿದಳು. ಹೆಬ್ಬೆಟ್ಟು ಒತ್ತಿಸಲು ಭಾಲ್ಕಿಯಿಂದ ಇಬ್ಬರು ಗುಮಾಸ್ತರನ್ನು ನಿಯೋಜನೆ ಮೇಲೆ ಕರೆಸಬೇಕಾಯಿತು. ಬೀಜ ಮಂಜೂರಾಯಿತು.

ಹಸನಾದ ಹೊಲದಲ್ಲಿ ಈ ಸಲ ಗೋಧಿ ಜಮಖಾನೆ ಹಾಸಿದಂತೆ ಎದ್ದಿತು. “ಕೂಳಿ ಕಿತ್ತದ್ದಕ್ಕ ಬಂತರಿ,” ಎಂದು ಆಕೆ ಬೀದರಿನಿಂದ ಬಂದ ಸಮಿತಿಗೆ ಹೇಳಿ ನೋಡಿದಳು. ಸಮಿತಿ ಹೊಲವನ್ನು ಮೂರು ಸುತ್ತು ಸುತ್ತಿ, ಯಶಸ್ಸಿಗೆ ಹೆಬ್ಬೆಟ್ಟೇ ಕಾರಣವೆಂದು ವರದಿ ಕೊಟ್ಟಿತು. ನಿಯಮ ಜಿಲ್ಲೆಗೆಲ್ಲ ಜಾರಿಯಾಯಿತು.

ಈಗ ಹಿಂಗಾರಿ ಬಂತೆಂದರೆ ಔರಾದ ಬಸ್ಸಿನ ಹಿಂದಿನ ಸೀಟು ಕೂಳಿಗೆ ಮೀಸಲು. ಎಲ್ಲರ ಹೊಲದಲ್ಲೂ ಗೋಧಿ ಚೆನ್ನಾಗಿದೆ, ಆದ್ದರಿಂದ ಯಾರೂ ಏನೂ ಕೇಳುವುದಿಲ್ಲ. ಮೊನ್ನೆ ಕಚೇರಿಯ ಸಾಲಿನಲ್ಲಿ ನೆರೆಹೊಲದ ಚಂದ್ರಭಾಗಾ ಹೊರೆ ಇಳಿಸುತ್ತ ಚಿಂತೆಯಿಂದ ಹೇಳಿದಳು:

“ನನ್ನ ಜೋಳದಾಗ ನಾಕೈದು ಇನ್ನೂ ಒಪ್ಪವಲ್ಲವು, ಅಕ್ಕಾ.”

ಕೌಸಲ್ಯಾಬಾಯಿ ಬೆಂಚಿನ ಮೇಲೆ ಜಾಗ ಸರಿಸಿಕೊಟ್ಟಳು.

“ಇಲ್ಲೇ ಒಂದ ತಾಸ ಕೂಡಸು. ತಾವಾಗೇ ಒಪ್ಪತಾವ.”