ಗ್ಯಾಲರಿ ನುಂಗಿದ ಬಚ್ಚಲುಮನೆ

ಅರವತ್ತೈದು ದಾಟಿದ ಮನುಷ್ಯನಿಗೆ ಎರಡನೇ ಬಚ್ಚಲುಮನೆಯ ಆಸೆ ಹುಟ್ಟಬಾರದು. ನನಗೆ ಹುಟ್ಟಿತು. ಮ್ಯಾಟ್ರಿಕ್ ಪಾಸಾಗಿ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಆಯುಷ್ಯವಿಡೀ ಗುಮಾಸ್ತಿಕೆ ಮಾಡಿದ ನಾನು ಒಂದೇ ಬಚ್ಚಲಲ್ಲಿ ಮಿಂದು ಸುಖವಾಗಿಯೇ ಇದ್ದೆ. ಆದರೆ ಹೆದ್ದಾರಿ ಅಗಲವಾದ ಮೇಲೆ ಊರಿಗೆ ಬಂದ ಬಿಲ್ಡರನೊಬ್ಬ, ನಾನೇ ಸೆಕ್ರೆಟರಿಯಾಗಿದ್ದ ನಮ್ಮ ಹಳೆಯ ಮೂರು ಮಹಡಿಯ ಅಪಾರ್ಟ್‌ಮೆಂಟಿನ ಬಣ್ಣದ ನಕಾಶೆ ಹರವಿ, "ಲಕ್ಷುರಿ ಮಾಡೂಣ್ರಿ, ಸೆಕ್ರೆಟರಿ ಸಾಹೇಬ್ರ" ಎಂದ. ಆ 'ಸಾಹೇಬ್ರ' ಕೇಳಿಯೇ ನನ್ನ ಅರ್ಧ ಸಹಿ ಬಿದ್ದುಹೋಯಿತು.

ಅವನ ಲಕ್ಷುರಿ ಎಂದರೆ ಇಷ್ಟೇ. ಜಾರಿ ಬೀಳಲು ಅನುಕೂಲವಾದ ಹೊಳೆಯುವ ನೆಲ, ನಾಲ್ಕು ಜನ ಉಸಿರು ಬಿಗಿಹಿಡಿದು ನಿಲ್ಲುವ ಲಿಫ್ಟು, ಮತ್ತು ಮನೆಗಳ ಹಿಂದೆ ಉದ್ದಕ್ಕೂ ಇದ್ದ ಗ್ಯಾಲರಿಯನ್ನು ಗಾಜಿನಿಂದ ಮುಚ್ಚಿ, ತುಂಡು ಮಾಡಿ, ಒಳಗೆ ಸೇರಿಸುವುದು. ನನ್ನ ಬಚ್ಚಲುಮನೆ ಬರಬೇಕಾದದ್ದು ಆ ತುಂಡಿನಲ್ಲೇ. ಎಲ್ಲರೂ ಒಪ್ಪಿದರು, ಪಕ್ಕದ ಮನೆಯ ಅಕ್ಕಾತಾಯಿಯನ್ನು ಬಿಟ್ಟು. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿಯೇ ಬದುಕಿದವಳು ಅವಳು. ಮೂವರು ಗೆಳತಿಯರೊಂದಿಗೆ ಮೊರ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದುದು ಆ ಗ್ಯಾಲರಿಯಲ್ಲೇ.

"ಗ್ಯಾಲರಿ ಹ್ವಾದ್ರ ನಾ ಎಲ್ಲಿ ಕುಂಡ್ರಲ್ರಿ, ಅಣ್ಣಾರ? ಗಾಳಿ ಬೆಳಕು ಬ್ಯಾಡೇನ್ರಿ?"

"ಗಾಜು ಸರಿಸಿದ್ರ ಗಾಳಿ ಬರತೈತಿ. ನಾ ಹೇಳಾಕತ್ತೇನಲ್ಲ" ಎಂದೆ.

ಗಾಜು ಸರಿಯುವುದಿಲ್ಲ ಎಂದು ನಕಾಶೆಯಲ್ಲಿ ನಾನು ನೋಡಿದ್ದೆ. ನೋಡಿಯೂ ಹೇಳಿದೆ. ಅವಳು ನನ್ನ ಮಾತು ನಂಬಿ ಸಹಿ ಹಾಕಿದಳು.

ಲಕ್ಷುರಿ ಬಂತು, ನನ್ನ ಎರಡನೇ ಬಚ್ಚಲುಮನೆಯೂ ಬಂತು. ಅಕ್ಕಾತಾಯಿ ಫ್ಯಾನು ಆರಿಸಿದರೆ ಬೇಯುತ್ತಿದ್ದಳು. ಹಾಕಿದರೆ ಮೊರದ ತಂಬಾಕೆಲ್ಲ ಹಾರುತ್ತಿತ್ತು, ನೆನೆಸಿಟ್ಟ ಎಲೆ ಒಣಗಿ ಸೀಳುತ್ತಿತ್ತು. ಬಾಗಿಲು ತೆರೆದಿಟ್ಟು ನೋಡಿದಳು. ಆಗ ಮೊದಲು ಸೀನಿದವಳು ನನ್ನ ಹೆಂಡತಿ. ಬೀಡಿ ತಂಬಾಕು ತಂದ ಸಂಬಳದಲ್ಲಿ ನಲವತ್ತು ವರ್ಷ ಉಂಡ ಮನೆಯ ಮೂಗು ಅದು. ನಾನು ಮುತ್ತಿನಂಥ ಅಕ್ಷರದಲ್ಲಿ 'ಕಟ್ಟಡದಲ್ಲಿ ತಂಬಾಕಿನ ಕೆಲಸ ನಿಷೇಧಿಸಿದೆ' ಎಂದು ಚೀಟಿ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ತಂಬಾಕಿನಿಂದಲೇ ಬದುಕುವ ನಿಪ್ಪಾಣಿಯಲ್ಲಿ ನಿಂತು ಇಂಥದ್ದನ್ನು ಬರೆದ ಮಹಾನುಭಾವರು ಬೇರೆ ಯಾರೂ ಇರಲಾರರು.

ಅಕ್ಕಾತಾಯಿ ಜಗಳವಾಡಲಿಲ್ಲ. ಮೊರ ಎತ್ತಿಕೊಂಡು ರಸ್ತೆಯಾಚೆ ಮುಚ್ಚಿದ ವಖಾರಿಯ ಕಟ್ಟೆಗೆ ಹೋದಳು. ಅವಳು ಅಲ್ಲಿ ಬಿಸಿಲಲ್ಲಿ ಕೂಡುವುದನ್ನು ಒಂದು ಬೇಸಿಗೆಯಿಡೀ ನೋಡಿದೆ, ತಡೆಯಲಾಗಲಿಲ್ಲ. ಹೋಗಿ, "ತಪ್ಪಾತು, ಅಕ್ಕಾತಾಯಿ" ಎಂದೆ.

ಅವಳು ದಾರ ಸುತ್ತುತ್ತಲೇ, "ನನಗ್ಯಾಕ ಹೇಳ್ತೀರಿ? ಆ ಚೀಟಿಗೆ ಹೇಳ್ರಿ" ಎಂದಳು.

ಚೀಟಿ ತೆಗೆಯೋಣವೆಂದು ಸಭೆ ಕರೆದೆ. "ಅಗದೀ ಚಂದ ಬರದೀರಲ್ರಿ, ಯಾಕ ತಗೀತೀರಿ?" ಎಂದರು ಎಲ್ಲರೂ, ನನ್ನ ಹೆಂಡತಿಯೂ ಸೇರಿ. ಆ ಅಕ್ಷರಗಳನ್ನೇ ಹಿತ್ತಾಳೆಯಲ್ಲಿ ಕೊರೆಸಿ, ಕೆಳಗೆ ನನ್ನ ಹೆಸರು ಹಾಕಿಸಿ, ಲಿಫ್ಟಿನ ಪಕ್ಕ ಜಡಿದರು.

ಅಂದಿನಿಂದ ನಾನು ಲಿಫ್ಟಿನ ಕಡೆ ಸುಳಿಯುವುದಿಲ್ಲ. ಮೂರು ಮಹಡಿ ನಡೆದೇ ಹತ್ತುತ್ತೇನೆ. "ಈ ವಯಸ್ಸಿನಾಗೂ ಏನ್ ತಬ್ಯೇತ್ ಇಟ್ಟೀರ್ರಿ, ಕಾಕಾ" ಎಂದು ಹೊಸದಾಗಿ ಬಂದವರು ಹೊಗಳುತ್ತಾರೆ. ನಾನು ಒಂದು ಮೆಟ್ಟಿಲ ಮೇಲೆ ನಿಂತು, ಏದುಸಿರು ಕಾಣದಂತೆ, ಆ ಹೊಗಳಿಕೆಯನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ.