ಎರಡು ಡಬ್ಬಿಗೆ ಒಂದೇ ಚೀಟಿ

ಇಪ್ಪತ್ತು ವರ್ಷದ ಹಿಂದೆ, ಬಸವನ ಬಾಗೇವಾಡಿಯಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಲ್ಲ ಏಕೈಕ ಗೃಹಸ್ಥ ನಾನೇ ಎಂದು ನಂಬಿದ್ದೆ. ಊರೂ ಆಕ್ಷೇಪಿಸಲಿಲ್ಲ. ಊರಿಗೆ ಲಿನಕ್ಸ್ ಎಂದರೇನೆಂದೇ ಗೊತ್ತಿರಲಿಲ್ಲ!

ನಮ್ಮದು ಆಮಂತ್ರಣ ಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ. ಟೈಪಿಂಗ್, ಡಿಸೈನು, ಗಿರಾಕಿ ಎಲ್ಲ ಹೆಂಡತಿ ಶೈಲಾಳ ಪಾಲು, ತಂತ್ರಜ್ಞಾನ ನನ್ನದು. ಒಂದು ದಿನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮತ್ತು ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಮದುವೆ ಪತ್ರಿಕೆ, ಇನ್ನೊಂದರಲ್ಲಿ ಸತ್ತವರ ಶಿವಗಣಾರಾಧನೆ ಪತ್ರಿಕೆ ತುಂಬಿ, ನೆಟ್‌ವರ್ಕ್ ಮೂಲಕ ಅವಳ ಕಂಪ್ಯೂಟರಿಗೆ ಹಂಚಿದೆ. ಹಂಚುವ ಡಿಸ್ಕಿಗೆ ಅದರ ಹೆಸರು, ನಂಬರು ಇರುವ ಒಂದೊಂದು ಸಾಲು ಬರೆಯಬೇಕು. ಎರಡನೆಯದು ಬರೆಯಲು ಬೇಸರವಾಗಿ, ಮೊದಲನೆಯದನ್ನೇ ಕಾಪಿ ಮಾಡಿ ಹೆಸರು ಬದಲಿಸಿದೆ. ಕೆಲಸ ಹತ್ತು ನಿಮಿಷ, ಹೆಮ್ಮೆ ಎರಡು ದಿನ!

ಮೂರನೇ ದಿನ ಮನಗೂಳಿಯ ಗೌಡರು ಮಗಳ ಮದುವೆ ಪತ್ರಿಕೆ ನೋಡಲು ಬಂದರು. ಶೈಲಾಳನ್ನು ಸರಿಸಿ ನಾನೇ ಕುಳಿತೆ. 'ಮದುವೆ' ಒತ್ತಿದೆ, 'ಗೌಡರು' ಒತ್ತಿದೆ. ಪರದೆಯ ಮೇಲೆ ಹಾರ ಹಾಕಿದ ಮುದುಕರೊಬ್ಬರು!

"ಈ ಅಜ್ಜ ಯಾರ್ರಿ? ನಮ್ಮ ಬೀಗರ ಪೈಕಿ ಅಲ್ಲಲ್ಲ!" ಎಂದರು ಗೌಡರು.

"ತಾಂತ್ರಿಕ ಕಾರಣ" ಎಂದು ಗಂಭೀರವಾಗಿ ಹೇಳಿ ಕಂಪ್ಯೂಟರ್ ಬಂದ್ ಮಾಡಿ ಹಚ್ಚಿದೆ. ಅಜ್ಜ ಬಂದರು. ವೈರು ಕಿತ್ತು ಚುಚ್ಚಿದೆ. ಮತ್ತೆ ಅಜ್ಜ! ಈ ಸಲ ಸ್ವಲ್ಪ ನಕ್ಕಂತೆಯೂ ಕಂಡಿತು.

ಗೌಡರು ಎದ್ದೇಬಿಟ್ಟರು. "ಶುಭಕಾರ್ಯದಾಗ ಇದೆಂಥಾ ಅಪಶಕುನ್ರಿ! ನಾ ವಿಜಾಪುರದಾಗ ಮಾಡಸ್ತೇನಿ." ಗೌಡರು ಹೋದರೆ ಇಡೀ ಮನಗೂಳಿಯೇ ಹೋದಂತೆ.

"ಗೌಡ್ರ, ಚಾ ಕುಡಿಯೂತನಕ ಕುಂದರ್ರಿ" ಎಂದು ಶೈಲಾ ಅವರನ್ನು ಕೂರಿಸಿ ನನ್ನತ್ತ ತಿರುಗಿದಳು. "ನೀವು ಬರದದ್ದ ತೋರಸ್ರಿ."

ಅವಳಿಗೆ ಲಿನಕ್ಸ್ ಬಾರದು. ಆದರೆ ಪ್ರೂಫ್ ನೋಡುವಾಗ ಒಂದು ಒತ್ತಕ್ಷರವೂ ಅವಳ ಕಣ್ಣು ತಪ್ಪಿಸಿದ್ದಿಲ್ಲ. ಎರಡೂ ಸಾಲಿನ ಮೇಲೆ ಬೆರಳಾಡಿಸಿದಳು. "ಎರಡಕ್ಕೂ ನಂಬರ ಒಂದ ಐತಲ್ರಿ?"

"ಹೆಸರ ಬ್ಯಾರೆ ಐತಲ್ಲ!"

"ಹಿಟ್ಟಿನ ಗಿರಣಿಯವ ಹೆಸರ ಕೇಳ್ತಾನೇನ್ರಿ? ಚೀಟಿ ನಂಬರ ನೋಡ್ತಾನ. ಎರಡು ಡಬ್ಬಿಗೆ ಒಂದ ನಂಬರಿನ ಚೀಟಿ ಹಚ್ಚಿದ್ರ ನಮ್ಮ ಜ್ವಾಳದ ಹಿಟ್ಟು ಮಂದಿ ಮನಿಗೆ!"

ಮೂರು ದಪ್ಪ ಪುಸ್ತಕ ಓದಿಯೂ ನನ್ನ ತಲೆಗೆ ಹೋಗದ್ದನ್ನು ಇವಳು ಹಿಟ್ಟಿನ ಗಿರಣಿಯ ಮುಂದೆ ನಿಂತೇ ಕಲಿತಿದ್ದಳು. ಅವಳ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಮಾನ ಹೋದದ್ದೇ ಮರೆತುಹೋಯಿತು.

ಎರಡನೇ ಸಾಲಿಗೆ ನಂಬರ್ ಎರಡು ಕೊಟ್ಟು ಮತ್ತೆ ಹಚ್ಚಿದೆವು. ಅಜ್ಜ ತಮ್ಮ ಡಿಸ್ಕಿಗೆ ಮರಳಿದರು. ಮದುಮಗಳ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯಿತು.

"ಭೇಷ್ ತಂಗಿ! ಇನ್ನ ಮ್ಯಾಲೆ ಇವರ ಕೈಯಾಗ ಕಂಪ್ಯೂಟರ ಕೊಡಬ್ಯಾಡ" ಎಂದು ಆಶೀರ್ವದಿಸಿ ಗೌಡರು ಹೊರಟರು.

ಅವರು ಹೋದ ಮೇಲೆ ಮೆತ್ತಗೆ ಕೇಳಿದೆ: "ಮದುವಿ ಒಂದು, ಆರಾಧನಿ ಎರಡು. ನನ್ನ ನಂಬರ ಎಷ್ಟ?"

"ನಿಮಗ್ಯಾಕ್ರಿ ನಂಬರ? ನಿಮ್ಮಂಥಾವ್ರು ಇನ್ನೊಬ್ರ ಇದ್ರ ಅಲ್ಲೇನ್ರಿ, ಗುರುತ ತಪ್ಪೂದು!"

ಇದು ಹೊಗಳಿಕೆಯೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.